ಬಡಿಯದ ಅಲಗು

ಗವ್ರಿಲಾನ ಮಗಳು ವರ್ವಾರಾ ಬುಖಾರೆಸ್ಟಿನಲ್ಲಿ ಅರ್ಥಶಾಸ್ತ್ರ ಓದಿ, ಹುಲ್ಲು, ಹಕ್ಕಿ, ಮಣ್ಣುಗಳಿಗೆ ಬೆಲೆ ಕಟ್ಟುತ್ತ ಇಪ್ಪತ್ತೆರಡು ವರ್ಷ ಸರ್ಕಾರಕ್ಕೆ ವರದಿ ಬರೆದಳು. ನಮ್ಮೂರಿನವರ ಕಣ್ಣಿಗೆ ಅದು ಕೆಲಸವೇ ಅಲ್ಲ. ನನಗೆ ಮಾತ್ರ ಅವಳ ಮೇಲೆ ಗೌರವ. ರೊಮೇನಿಯದ ಬೆಟ್ಟಸೀಮೆ ಮರಮುರೇಷಿನ ಸಂತೆಗಳಲ್ಲಿ ನಾನು ಮಾರುವುದು ಹುಲ್ಲು ಕೊಯ್ಯುವ ಉದ್ದಹಿಡಿಯ ಕುಡುಗೋಲು; ಅವಳು ಬರೆದ ನಿಯಮದಿಂದ ಸತ್ತ ವ್ಯಾಪಾರ ಎದ್ದು ಕೂತಿತು.

ನಿಯಮ ಇಷ್ಟೆ. ಬೆಟ್ಟದ ಹುಲ್ಲುಗಾವಲಿಗೆ ಸಹಾಯಧನ ಪಡೆಯುವವರು ಜುಲೈಗೆ ಮುಂಚೆ ಕೊಯ್ಯಬಾರದು, ಯಂತ್ರ ಇಳಿಸಬಾರದು. ಹೂವು ಬೀಜ ಕಟ್ಟಬೇಕು, ಹಕ್ಕಿಮರಿ ಹಾರಬೇಕು. ಕೊನೆಯ ಸಾಲನ್ನು ಯಾರೂ ಓದಿರಲಿಲ್ಲ: ತಪಾಸಣೆಯ ದಿನ ಗುತ್ತಿಗೆದಾರ ಸ್ವತಃ ಹತ್ತು ಮಾರು ಕೊಯ್ದು ತೋರಿಸಬೇಕು, ಇಲ್ಲವಾದರೆ ಗುತ್ತಿಗೆ ರದ್ದಾಗಿ ನೆಲದ ಮೂಲ ಮನೆತನಕ್ಕೆ ಹೋಗುತ್ತದೆ.

ಊರ ಮೇಲಿನ ಹುಲ್ಲುಗಾವಲು ಗವ್ರಿಲಾನ ಅಪ್ಪನದು. ಕಮ್ಯುನಿಸ್ಟರ ಕಾಲದಲ್ಲಿ ಸಹಕಾರಿ ಫಾರ್ಮಿನ ಅಧ್ಯಕ್ಷನಾಗಿದ್ದ ಹೋತ್ಯ ಅದನ್ನು ಫಾರ್ಮಿಗೆ ಸೇರಿಸಿದ. ಫಾರ್ಮ್ ಮುರಿದಾಗ ತನ್ನ ಹೆಸರಿಗೇ ಗುತ್ತಿಗೆ ಬರೆಸಿಕೊಂಡ. ಕೇಳಲು ಹೋದ ಗವ್ರಿಲಾನಿಗೆ ಚರ್ಚಿನ ಬಾಗಿಲಲ್ಲಿ, ಎಲ್ಲರೆದುರು, "ಹುಲ್ಲು ಕೊಯ್ಯೋಕೂ ಯೋಗ್ಯತೆ ಬೇಕಲೋ" ಅಂದಿದ್ದ. ಅಪ್ಪನ ಟೋಪಿ ಹಿಡಿದು ಪಕ್ಕದಲ್ಲೇ ನಿಂತಿದ್ದ ವರ್ವಾರಾಗೆ ಆಗ ಹತ್ತು ವರ್ಷ.

ಸಹಾಯಧನದ ತಪಾಸಣೆಗೆ ನೋಟೀಸು ಬಂದದ್ದರಿಂದ ಈ ಜೂನ್ ಕೊನೆಗೆ ಹೋತ್ಯ ನನ್ನಂಗಡಿಗೆ ಬಂದ.

"ಒಳ್ಳೇದೊಂದು ಕೊಡೋ. ಹೊಳೀತಿರ್ಬೇಕು."

"ಮುಖ ನೋಡ್ಕೋಬಹುದು, ಅಧ್ಯಕ್ಷರೇ. ಸುತ್ತಿಗೆ, ಅಡೆಗಲ್ಲು ಕಟ್ಲಾ?"

"ನನ್ ತಲೆಗೆ ಬೇಡದ್ದೆಲ್ಲ ಕಟ್ಬೇಡ."

ಎರಡನೇ ಸಲ ನಾನು ಕೇಳಲಿಲ್ಲ. ಕಾರ್ಖಾನೆಯಿಂದ ಬಂದ ಅಲಗು ಬರೀ ತಗಡು. ಅಡೆಗಲ್ಲಿನ ಮೇಲಿಟ್ಟು ಗಂಟೆಗಟ್ಟಲೆ ಬಡಿದು ಅಂಚನ್ನು ಕಾಗದದಷ್ಟು ತೆಳ್ಳಗೆ ಮಾಡಿದರೇ ಅದು ಕುಡುಗೋಲು. ಇದು ನಮ್ಮಲ್ಲಿ ಹುಲ್ಲು ಕೊಯ್ದವರಿಗೆಲ್ಲ ಗೊತ್ತು. ಹೋತ್ಯ ಬದುಕಿಡೀ ಕೊಯ್ಯಿಸಿದ್ದನೇ ಹೊರತು ಕೊಯ್ದಿರಲಿಲ್ಲ.

ಜುಲೈನಲ್ಲಿ ತಪಾಸಣೆಗೆ ವರ್ವಾರಾ ತಾನೇ ಬಂದಳು. ಬೇಲಿಯುದ್ದಕ್ಕೂ ಜನ, ಗವ್ರಿಲಾನಿಗೆ ಯಾರೋ ಸ್ಟೂಲು ಹಾಕಿದ್ದರು.

"ಎಷ್ಟು ದೊಡ್ಡೋಳಾಗಿದೀಯಮ್ಮ," ಅಂದ ಹೋತ್ಯ. "ಇದೆಲ್ಲ ಯಾಕೆ? ಒಂದು ಸಹಿ ಹಾಕಿ ಒಳಗೆ ಬಾ, ಮನೇಲಿ ಇಳಿಸಿದ ಪ್ಲಮ್ ಸಾರಾಯಿ ಇದೆ."

"ಕುಡಿಯೋಣ ಮಾಮ. ಮೊದ್ಲು ಕೊಯ್ರಿ."

ಬೀಸಿದ. ಹುಲ್ಲು ಮಲಗಿತು, ಮತ್ತೆ ಎದ್ದು ನಿಂತಿತು. ಇನ್ನೊಮ್ಮೆ ಬೀಸಿದ.

"ಅಧ್ಯಕ್ಷರು ಹುಲ್ಲಿಗೆ ತಲೆ ಬಾಚ್ತಿದಾರೆ," ಅಂತ ಬೇಲಿಯ ಕಡೆಯಿಂದ ಯಾರೋ ಅಂದರು.

ಮೂರು ಮಾರು ಹೋಗುವಷ್ಟರಲ್ಲಿ ಅಲಗಿನ ತುದಿ ನೆಲಕ್ಕೆ ನೆಟ್ಟುಕೊಂಡಿತು. ಹೋತ್ಯನ ಅಂಗಿ ಒದ್ದೆ.

"ಸಾಕು ಬಿಡು ಮಗಳೇ, ವಯಸ್ಸಾಗಿದೆ ಅವನಿಗೆ," ಅಂದ ಗವ್ರಿಲಾ.

"ಹತ್ತು ಮಾರು ಅಂತ ನಿಯಮ ಅಪ್ಪ. ಇನ್ನೂ ಏಳಿದೆ."

ಏಳನ್ನೂ ಅವನು ಬೀಸಿದ. ಅವಳು ನೆರಳಿಗೂ ಸರಿಯದೆ ನಿಂತು ನೋಡಿದಳು. ಒಂದು ಹುಲ್ಲೆಳೆಯೂ ಬೀಳಲಿಲ್ಲ.

ಗುತ್ತಿಗೆ ಗವ್ರಿಲಾನ ಹೆಸರಿಗೆ ಬಂದ ವಾರ ಹೋತ್ಯ ಕುಡುಗೋಲನ್ನು ನನ್ನ ಕಟ್ಟೆಯ ಮೇಲೆ ಎಸೆದುಹೋದ. ಮರುದಿನವೇ ವರ್ವಾರಾ ಅದನ್ನು ಕೊಂಡಳು.

"ಬಡಿದು ಕೊಡ್ಲೇನಮ್ಮ?"

"ಬೇಡ. ಹೀಗೇ ಇರ್ಲಿ."

ಈಗ ಅದು ಹುಲ್ಲುಗಾವಲಿನ ಬಾಗಿಲಿಗೆ ಮೊಳೆ ಹೊಡೆಸಿಕೊಂಡು ನೇತಾಡುತ್ತಿದೆ. ಚರ್ಚಿಗೆ ಹೋಗಲು ಹೋತ್ಯನಿಗೆ ಅದರ ಮುಂದಿನದೊಂದೇ ದಾರಿ.