ಮಂಕಿಯ ಕಲ್ಲು, ಮಾಸ್ತರರ ಬ್ಲಾಗು

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಡಿಟಿಪಿ ಅಂಗಡಿ ನಡೆಸುತ್ತಿದ್ದೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಕಾಲೇಜು ಮಕ್ಕಳ ಪ್ರಾಜೆಕ್ಟು, ಇವೇ ಕೆಲಸ. ಊರಿಗೆ ಇಂಟರ್ನೆಟ್ ಬಂದ ಮೇಲೆ ಗಿರಾಕಿಗಳಿಗೆಂದು ಬೇರೆ ಕಂಪ್ಯೂಟರ್ ಇಟ್ಟೆ. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷ ಆಗಿರಬೇಕು, ಒಂದು ಬೆಳಿಗ್ಗೆ ಇತಿಹಾಸದ ಮಾಸ್ತರರು ಬಂದು ಅದರ ಮುಂದೆ ಕೂತರು. ಮೂಲತಃ ಹಿರೇಗುತ್ತಿ ಊರಿನವರು. ಕುಮಟೆಯ ಕಾಲೇಜಿನಲ್ಲಿ ಪಾಠ ಹೇಳಿ, ನಿವೃತ್ತರಾಗಿ ನಮ್ಮೂರಲ್ಲಿ ಮನೆ ಮಾಡಿದ್ದರು.

“ತಂಗಿ, ಈ ಬ್ಲಾಗು ಅಂದ್ರೆ ಎಂತದು, ಹ್ಯಾಂಗೆ ಮಾಡೂದು ಅಂತ ತೋರಿಸ್ಕೊಡು,” ಅಂದರು.

ನನಗೂ ಅರ್ಧಂಬರ್ಧ ಗೊತ್ತಿತ್ತು. ಇಬ್ಬರೂ ಒಟ್ಟಿಗೇ ಕಲಿತೆವು. ಈ ವಯಸ್ಸಿನಲ್ಲಿ ಇದು ಯಾಕೆ ಬೇಕಾಯಿತು ಎಂದು ಕೇಳಿದಾಗ ಹತ್ತಿರದ ಮಂಕಿ ಎಂಬ ಊರಿನ ಕತೆ ಹೇಳಿದರು. ಅಲ್ಲಿ ಒಂದು ಮನೆಯ ಹಿತ್ತಲಲ್ಲಿ ಶಾಸನದ ಕಲ್ಲಿತ್ತು. ಎಷ್ಟೋ ವರ್ಷಗಳ ಹಿಂದೆ ಅವರು ಅದರ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಅಕ್ಷರಗಳ ಅಚ್ಚು ತೆಗೆದುಕೊಂಡು ಹೋಗಿದ್ದರು. ಇಂಗ್ಲಿಷಿನಲ್ಲಿ ಲೇಖನ ಬರೆದರು, ಅದು ದೂರದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ನಿವೃತ್ತಿಯ ನಂತರ ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಮನೆಯ ಯಜಮಾನಿ ಗುರುತು ಹಿಡಿದು ನಿಲ್ಲಿಸಿದರಂತೆ. “ಮಾಸ್ತರೇ, ಆವತ್ತು ಇಡೀ ದಿನ ಕಲ್ಲಿನ ಮುಂದೆ ಕೂತಿದ್ರಿ. ಚಾ ಮಾಡಿ ಕೊಟ್ಟೆ, ಕುಡ್ದ್ರಿ. ಅದರಲ್ಲಿ ಎಂತ ಬರ್ದದೆ ಅಂತ ಒಂದು ಮಾತು ಬಂದು ಹೇಳೂಕಾಗ್ಲಿಲ್ವಾ?”

“ಅವರು ಕೇಳಿದ್ದು ಸರಿ ಅಲ್ವಾ?” ಎಂದು ಮಾಸ್ತರರು ನನ್ನನ್ನೇ ಕೇಳಿದರು. “ಕಲ್ಲು ಅವರದ್ದು. ಅದರ ಸುದ್ದಿ ಮಾತ್ರ ಅವರಿಗಿಲ್ಲ.”

ಹಾಗೆ ಮೊದಲ ಬರಹ ಆ ಕಲ್ಲಿನದೇ ಆಯಿತು. ದೇವಸ್ಥಾನದ ದೀಪದ ಎಣ್ಣೆಗೆಂದು ಒಬ್ಬ ಹೆಂಗಸು ತನ್ನ ತೆಂಗಿನ ಹಿತ್ತಲನ್ನು ಬಿಟ್ಟುಕೊಟ್ಟಿದ್ದಳು. ಕಲ್ಲಿನ ಕೆಳಗಿನ ಅರ್ಧ ಒಡೆದು ಎಲ್ಲೋ ಕಳೆದುಹೋಗಿತ್ತು. ಅವಳ ಹೆಸರು ಇರಬೇಕಾದದ್ದು ಆ ಕಡೆಯೇ. ಮಾಸ್ತರರು ಎರಡೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ನಾನು ಟೈಪ್ ಮಾಡಿಕೊಡುತ್ತೇನೆಂದರೆ ಒಪ್ಪಲಿಲ್ಲ. ನಡುವೆ ಕರೆಂಟು ಹೋಗಿ ಬರೆದದ್ದೆಲ್ಲ ಮಾಯವಾದರೆ ಎದ್ದು ಹೋಗಿ ಚಾ ಕುಡಿದು ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ, ಅಚ್ಚಾಗದ್ದನ್ನು ಸಂಶೋಧನೆ ಎಂದು ಹೇಗೆ ಕರೆಯುವುದು ಎಂದು ಕೇಳಿದ್ದು ನನಗೆ ಗೊತ್ತು, ಯಾಕೆಂದರೆ ಮಾಸ್ತರರ ಉತ್ತರ ಕೇಳಿಸಿತು. “ಅಚ್ಚಾದದ್ದನ್ನ ನೀನಾದ್ರೂ ಓದಿದ್ಯಾ, ಹೇಳು ನೋಡ್ವಾ.”

ಕೆಲವು ತಿಂಗಳ ನಂತರ ದುಬೈಯಲ್ಲಿ ಕೆಲಸಕ್ಕಿದ್ದ ಭಟ್ಕಳದವರೊಬ್ಬರು ಬ್ಲಾಗಿನ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರು. ಊರಿನ ತಮ್ಮ ಮನೆಯ ಬಾವಿಕಟ್ಟೆಯಲ್ಲೂ, ಬ್ಲಾಗಿನ ಫೋಟೋದಲ್ಲಿ ಕಂಡಂಥದೇ ಅಂಚಿನ ಕೆತ್ತನೆ ಇರುವ ಕಲ್ಲಿನ ತುಂಡು ಕೂತಿದೆ ಎಂದು. ಫೋಟೋ ಕೂಡ ಕಳಿಸಿದರು. ಮಾಸ್ತರರು ಅದನ್ನು ದೊಡ್ಡದು ಮಾಡಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಅಂದೇ “ಕಳೆದ ಅರ್ಧ ಸಿಕ್ಕಿತು” ಎಂದು ಬರೆದು ಹಾಕಿದರು. ಓದಿದವರೆಲ್ಲ ಖುಷಿಪಟ್ಟರು.

ಅದನ್ನು ನೋಡಲು ಭಟ್ಕಳಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಆ ಮನೆಯಲ್ಲಿದ್ದ ವಯಸ್ಸಾದ ತಾಯಿಗೆ ಕನ್ನಡ ಅಷ್ಟಕ್ಕಷ್ಟೇ. ಅವರದು ಕೊಂಕಣಿಗೆ ಹತ್ತಿರದ ನವಾಯತಿ, ನನ್ನದು ಕೊಂಕಣಿ, ಮಾತು ನಡೆಯಿತು. ಮಾಸ್ತರರು ಕಲ್ಲು ತೊಳೆದು ಸೀಮೆಸುಣ್ಣದ ಪುಡಿ ಉಜ್ಜಿದರು. ಅಕ್ಷರಗಳು ಬೆಳ್ಳಗೆ ಎದ್ದುಬಂದವು. ಬಹಳ ಹೊತ್ತು ಬಗ್ಗಿ ನೋಡಿ ಸೊಂಟ ನೆಟ್ಟಗೆ ಮಾಡಿದರು.

“ಇದು ಅಲ್ಲ, ತಂಗಿ. ಅಕ್ಷರ ಎಷ್ಟೋ ಈಚಿನದು. ಮೆಣಸಿನ ಹೇರಿನ ಸುಂಕದ ಮಾತು ಅದೆ ಇದರಲ್ಲಿ.”

ನನಗೆ ಬೇಜಾರಾಯಿತು. ಅವರಿಗೂ ಆಗಿರಬೇಕು, ಆದರೆ ಆ ತಾಯಿ ಬಾವಿಯ ಹತ್ತಿರ ಬಂದು ನಿಂತದ್ದೇ ಮಾಸ್ತರರು ಕಟ್ಟೆಯ ಮೇಲೆ ಕೂತು, ಸಾಲು ಸಾಲಾಗಿ ಬೆರಳಿಟ್ಟು, ಮೆಣಸು ಹೇರಿದ ಎತ್ತುಗಳು ಘಟ್ಟ ಇಳಿದು ಬರುತ್ತಿದ್ದ ಕಾಲವನ್ನು ವಿವರಿಸತೊಡಗಿದರು. ನಾನು ಕೊಂಕಣಿಯಲ್ಲಿ ಹೇಳುತ್ತ ಹೋದೆ. ತಾಯಿ ತಲೆಯ ಸೆರಗು ಸರಿಮಾಡಿಕೊಂಡು ಪೂರ್ತಿ ಕೇಳಿದರು. ಆಮೇಲೆ, ದುಬೈಯಲ್ಲಿರುವ ಮಗನಿಗೂ ಮಾಸ್ತರರೇ ಫೋನಿನಲ್ಲಿ ಇದನ್ನು ಹೇಳಬೇಕೆಂದರು.

ಮರಳಿ ಅಂಗಡಿಗೆ ಬಂದಾಗ ನಾನೇ ಸಲಹೆ ಕೊಟ್ಟೆ. “ಹಳೇ ಬರಹ ಅಳಿಸಿಬಿಡ್ವಾ ಸರ್. ಒಂದು ಗುಂಡಿ ಒತ್ತಿದ್ರೆ ಆತು.”

“ಓದಿದವರ ತಲೆಯಿಂದ ಅಳಿಸೂಕೆ ಗುಂಡಿ ಇಲ್ವಲ್ಲ,” ಅಂದರು. “ಅದು ಅಲ್ಲೇ ಇರ್ಲಿ. ಮೇಲೆ ಬರೀವಾ, ಇದು ತಪ್ಪು, ಯಾಕೆ ತಪ್ಪು ಅಂತ.”

ಹಾಗೆಯೇ ಬರೆದರು. ಫೋಟೋ ನೋಡಿ ಅವಸರಪಟ್ಟೆ, ಕಲ್ಲನ್ನು ಮುಟ್ಟಿ ನೋಡುವ ಮೊದಲು ಬರೆಯಬಾರದಿತ್ತು ಎಂದು. ಅಷ್ಟು ಓದಿದ ಮನುಷ್ಯ ಊರೆಲ್ಲ ನೋಡುವ ಕಡೆ ಹೀಗೆ ಬರೆದದ್ದನ್ನು ನಾನು ಮೊದಲು ಕಂಡದ್ದು ಅಂದೇ. ವಿಚಿತ್ರವೆಂದರೆ ಪ್ರಶ್ನೆ ಕೇಳುವವರು ಹೆಚ್ಚಾದದ್ದು ಆಮೇಲೆ.

ಪಾಡ್‌ಕಾಸ್ಟ್ ಎಂಬ ಶಬ್ದವನ್ನೂ ಅವರೇ ಎಲ್ಲೋ ಓದಿಕೊಂಡು ಬಂದರು. ಮಂಕಿಯ ಯಜಮಾನಿಯ ಮನೆಯಲ್ಲಿ ಕಂಪ್ಯೂಟರಿಲ್ಲ, ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ದನಿಯಲ್ಲಾದರೆ ಕೇಳಬಹುದಲ್ಲ ಎಂಬುದು ಮಾಸ್ತರರ ಲೆಕ್ಕ. ಅಂಗಡಿಯ ಫ್ಯಾನು ನಿಲ್ಲಿಸಿ, ಬೆವರುತ್ತ ಮಂಕಿಯ ಕಲ್ಲಿನ ಬರಹವನ್ನು ಮೈಕಿನ ಮುಂದೆ ಓದಿದರು. ಅದನ್ನು ನನ್ನ ಮೊಬೈಲಿಗೆ ಹಾಕಿಕೊಂಡು ಮಂಕಿಗೆ ಹೋಗಿ ಹಿತ್ತಲಲ್ಲೇ ಕೇಳಿಸಿದೆವು.

ಯಜಮಾನಿ ಸ್ವಲ್ಪ ಹೊತ್ತು ಕೇಳಿ, “ಇದು ಪಾಠ ಒಪ್ಪಿಸ್ದಂಗೆ ಆತು ಮಾಸ್ತರೇ. ಎದುರಿಗೇ ಇದ್ದೀರಲ್ಲ, ಬಾಯಲ್ಲೇ ಹೇಳಿ,” ಅಂದರು.

ಮಾಸ್ತರರು ನಕ್ಕು ಹೇಳತೊಡಗಿದರು. ನಾನು ಮೊಬೈಲಿನ ರೆಕಾರ್ಡರ್ ಒತ್ತಿದೆ. ಯಜಮಾನಿ ನಡುನಡುವೆ ಬಾಯಿ ಹಾಕುತ್ತಿದ್ದರು. “ಹೆಸ್ರೇ ಇಲ್ಲ ಅಂದ್ರೆ ಹೆಂಗಸು ಅಂತ ಹ್ಯಾಂಗೆ ಗೊತ್ತಾತು?” “ಅವಳ ಗಂಡ ಬೇಡ ಅನ್ಲಿಲ್ವಾ?” ಮೊದಲನೆಯದಕ್ಕೆ, ಉಳಿದ ಭಾಗದಲ್ಲಿ ‘ಹೆಂಡತಿ’ ಎಂಬ ಶಬ್ದ ಇದೆ ಎಂದು ಅವರು ಉತ್ತರ ಕೊಟ್ಟರು. ಎರಡನೆಯದಕ್ಕೆ, “ನನಗೂ ಗೊತ್ತಿಲ್ಲ. ಕಲ್ಲು ಅದನ್ನು ಹೇಳೂದಿಲ್ಲ,” ಅಂದರು. ಕಾಗೆಗಳ ಕೂಗು, ಬಾವಿಯ ರಾಟೆಯ ಸದ್ದು ಎಲ್ಲ ಅದರಲ್ಲಿ ಸೇರಿಕೊಂಡವು. ಒಂದನ್ನೂ ತೆಗೆಯದೆ ಬ್ಲಾಗಿಗೆ ಏರಿಸಿದೆವು.

ಅದು ನಾವೆಣಿಸಿದ ದಾರಿಯಲ್ಲಿ ಹೋಗಲಿಲ್ಲ. ಆಗೆಲ್ಲ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದರು. ಯಕ್ಷಗಾನದ ಭಾಗವತಿಕೆಯ ಹಾಡುಗಳ ಜೊತೆ ಮಾಸ್ತರರ ಮಾತೂ ಕಾರ್ಡಿನಿಂದ ಕಾರ್ಡಿಗೆ ದಾಟಿತು. ಮುಂದೊಂದು ದಿನ ನೆಂಟರ ಮನೆಗೆಂದು ಭಟ್ಕಳದ ಹತ್ತಿರ ಕಡಲ ದಂಡೆಯ ಊರಾದ ತೆಂಗಿನಗುಂಡಿಗೆ ಹೋದಾಗ ದೋಣಿಯ ನೆರಳಲ್ಲಿ ಬಲೆ ಸರಿಮಾಡುತ್ತಿದ್ದವರು ಮೊಬೈಲಿನಲ್ಲಿ ಅದನ್ನೇ ಕೇಳುತ್ತಿದ್ದರು. ಮಾಸ್ತರರ ಪರಿಚಯ ನನಗಿದೆ ಎಂದೆ. ಒಬ್ಬರು ಬಲೆ ಕೆಳಗಿಟ್ಟು, “ಹಂಗಾರೆ ಅವರಿಗೆ ಹೇಳಿ. ಬರೀ ಹಿತ್ತಲ ಸುದ್ದಿ ಆತು. ಹಿಂದೆ ಇಲ್ಲಿಂದ ಹಡಗು ಎಲ್ಲಿಗೆ ಹೋಗ್ತಿತ್ತು, ಅದನ್ನೂ ಹೇಳೂಕೆ ಹೇಳಿ,” ಅಂದರು.

ಹೊನ್ನಾವರಕ್ಕೆ ಬಂದು ತಿಳಿಸಿದೆ. ಮಾಸ್ತರರು ಕೇಳಿದ್ದು ಒಂದೇ ಮಾತು.

“ತೆಂಗಿನಗುಂಡಿಗೆ ಬೆಳಿಗ್ಗೆ ಬಸ್ಸು ಎಷ್ಟು ಹೊತ್ತಿಗದೆ?”