ಕೆಂದಿ ನಿಲ್ಲದ ಜಾಗ

ಇದನ್ನು ಹೇಳಿಬಿಡಬೇಕು ಎಂದು ಬಹಳ ಸಲ ಅಂದುಕೊಂಡಿದ್ದೇನೆ. ಪ್ರತಿ ಸಲವೂ ಏನೋ ಒಂದು ನೆಪ ಸಿಕ್ಕಿ ಮುಂದಕ್ಕೆ ಹಾಕಿದ್ದೇನೆ. ಮಗಳ ಮದುವೆ ಆಗಿಹೋಗಲಿ, ಮೊಮ್ಮಗು ಹುಟ್ಟಲಿ, ಹೆಂಡತಿಗೆ ಹುಷಾರಾಗಲಿ... ಈಗ ಹೆಂಡತಿಯೂ ಇಲ್ಲ, ಮೊಮ್ಮಗನಿಗೆ ಮೀಸೆ ಚಿಗುರುತ್ತಿದೆ. ಹೇಳಿಕೊಳ್ಳಲು ನೆಪ ಉಳಿದಿಲ್ಲ.

ಮೊನ್ನೆ ತುಮಕೂರಿನಲ್ಲಿ ಮಗಳ ಮನೆಯ ಕರೆಂಟ್ ಮೀಟರನ್ನು ಹಜಾರದಿಂದ ತೆಗೆದು ಗೇಟಿನ ಪಕ್ಕದ ಗೋಡೆಗೆ ಹಾಕಿದರು. ಅರ್ಥಿಂಗ್‌ಗೆ ಎಂದು ಕಾಂಪೌಂಡಿನೊಳಗೆ ಆಳವಾದ ಗುಂಡಿ ತೋಡಿದರು. ಮನೆಯೊಳಗೆ ಎಲ್ಲಾದರೂ ಕರೆಂಟ್ ಸೋರಿದರೆ ಅದು ಯಾರನ್ನೂ ಮುಟ್ಟದೆ ನೆಲಕ್ಕೆ ಇಳಿದುಹೋಗಲಿ ಎಂದು ಮಾಡುವ ಗುಂಡಿ ಅದು. ಪೈಪ್ ಇಳಿಸಿ, ಸುತ್ತಲೂ ಇದ್ದಿಲು, ಕಲ್ಲುಪ್ಪು ತುಂಬಿ, ಮೇಲಿಂದ ಬಿಂದಿಗೆಯಲ್ಲಿ ನೀರು ಹೊಯ್ದರು. ನೆನೆದ ಇದ್ದಿಲಿನ ವಾಸನೆ ಒಮ್ಮೆಲೇ ಮೇಲೆದ್ದಿತು. ನಾನು ಗೇಟು ಹಿಡಿದುಕೊಂಡು ನಿಂತೆ.

"ಯಾಕಪ್ಪ, ಮುಖ ಹಿಂಗಾಗೋಯ್ತು?" ಎಂದಳು ಮಗಳು.

"ಬಿಸ್ಲು ಕಣಮ್ಮ," ಎಂದೆ.

ಬಿಸಿಲಿರಲಿಲ್ಲ. ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ಗುಬ್ಬಿಯ ನಮ್ಮ ಮನೆಯ ಮುಂದೆ. ಅಲ್ಲಿ ಆ ಗುಂಡಿ ತೋಡಿಸಿದ್ದು, ತೋಡಿಸಬೇಕಾಗಿದ್ದ ಕಾಲ ಕಳೆದ ಮೇಲೆ.

ಗುಬ್ಬಿಯಲ್ಲಿ ನಾನು ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಓದಿದ್ದು ಹೈಸ್ಕೂಲು. ಆದರೆ ನಮ್ಮ ಬೀದಿಯಲ್ಲಿ ಫ್ಯೂಸ್ ಕಟ್ಟಲು ಬರುತ್ತಿದ್ದವನು ನಾನೊಬ್ಬನೇ. ಯಾರ ಮನೆಯಲ್ಲಿ ದೀಪ ಹೋದರೂ ನನ್ನನ್ನೇ ಕೂಗುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಅದೊಂದು ಜಂಬ.

ನಮ್ಮ ಹಿತ್ತಲಿಗೆ ಅಂಟಿಕೊಂಡಂತೆ ಪಕ್ಕದ ಮನೆ ಅಕ್ಕನ ಕೊಟ್ಟಿಗೆ. ಕಡಬದ ಕಡೆಯಿಂದ ಗುಬ್ಬಿಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದಳು. ಬೀದಿಗೆಲ್ಲ ಹಾಲು ಹಾಕಿ ಬದುಕುತ್ತಿದ್ದಳು, ಅದೂ ಒಂದೇ ಒಂದು ಹಸುವಿನಿಂದ. ಕೆಂಪಗಿದ್ದ ಆ ಸೀಮೆಹಸುವಿಗೆ ಕೆಂದಿ ಎಂದು ಹೆಸರಿಟ್ಟಿದ್ದಳು. ಅದರ ಜೊತೆ ದಿನವಿಡೀ ಮಾತು. "ನಿನ್ ಸೊಕ್ಕು ನಂಗೊತ್ತಿಲ್ವೇನೇ? ಬೂಸಾ ತಿನ್ನಕ್ಕೆ ಮುಂದೆ, ಹಾಲ್ ಕೊಡಕ್ಕೆ ಹಿಂದೆ. ನಮ್ ಬೀಗಿತ್ತಿ ಬುಡು ನೀನು!" ಗೋಡೆಯ ಈಚೆ ನನ್ನ ಹೆಂಡತಿ ಪಾತ್ರೆ ತಿಕ್ಕುತ್ತಾ ನಗುತ್ತಿದ್ದಳು.

ಆ ವರ್ಷ ಮಗಳಿಗೆ ಸಂಬಂಧ ನೋಡುತ್ತಿದ್ದೆವು. ತುಮಕೂರಿನ ಒಂದು ಮನೆಯವರು ಹೆಣ್ಣು ನೋಡಲು ಬರುತ್ತೇವೆ ಎಂದಿದ್ದರು. ನಾನು ಮನೆಗೆ ಸುಣ್ಣ ಬಳಿಸಿದೆ, ಜಗಲಿಗೆ ಹೊಳಪಿನ ಕಲ್ಲು ಹಾಸಿಸಿದೆ, ಬಚ್ಚಲಿಗೆ ಗೀಸರ್ ತಂದೆ. ನಮ್ಮ ಬೀದಿಗೆ ಅದೇ ಮೊದಲ ಗೀಸರ್. ಹೆಂಡತಿಯ ಕಣ್ಣು ಮಾತ್ರ ಹಜಾರದ ಗೋಡೆಯ ಮೇಲಿದ್ದ ಮೀಟರಿನ ಮೇಲೆ. "ಬೀಗ್ರು ಬಂದು ಕೂತ್ರೆ ತಲೆ ಮೇಲೇ ಆ ಕರಿ ಪೆಟ್ಗೆ. ಅದನ್ನ ಆಚೆ ಹಾಕ್ಸಿ ಅಂದ್ರೆ ಕಿವಿಗೇ ಹಾಕ್ಕಳಲ್ವಲ್ಲ." ಅರ್ಜಿ ಕೊಟ್ಟು ಮೀಟರನ್ನು ಜಗಲಿಯ ಗೋಡೆಗೆ ತರಿಸಿದೆ.

ಹಳೆಯ ಅರ್ಥಿಂಗ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಮೀಟರಿನ ಹತ್ತಿರವೇ ಹೊಸ ಗುಂಡಿ ತೋಡಬೇಕು, ಜಗಲಿಯ ಕಲ್ಲು ಎಬ್ಬಿಸಬೇಕಾಗುತ್ತೆ ಎಂದ ವೈರಿಂಗ್ ಕೆಲಸದವನು. ನನಗೆ ರೇಗಿತು. ಕಲ್ಲು ಹಾಸಿದ ಸಿಮೆಂಟಿನ್ನೂ ಪೂರ್ತಿ ಒಣಗಿರಲಿಲ್ಲ. "ಅದೆಲ್ಲ ಆಮೇಲೆ ನೋಡಾಣ. ಈಗ ಹಿತ್ಲಲ್ಲಿ ಒಂದು ರಾಡ್ ಹೊಡ್ದು ಕಟ್ಬುಡು," ಎಂದೆ. ಜಾಗ ತೋರಿಸಿದವನೂ ನಾನೇ. ಅಕ್ಕ ಕೊಟ್ಟಿಗೆ ತೊಳೆದ ನೀರು ಗೋಡೆಯ ಬುಡದಲ್ಲಿ ಇಳಿದು ನಮ್ಮ ಕಡೆಯ ಮಣ್ಣು ಯಾವಾಗಲೂ ಹಸಿಯಾಗಿರುತ್ತಿತ್ತು. ಅರ್ಥಿಂಗ್‌ಗೆ ಹಸಿ ಮಣ್ಣು ಒಳ್ಳೆಯದು ಎಂದು ನನಗೆ ಗೊತ್ತಿತ್ತು. ಅಷ್ಟು ಮಾತ್ರ ಗೊತ್ತಿತ್ತು. ಮೊಣಕಾಲುದ್ದದ ರಾಡೊಂದನ್ನು ಅಲ್ಲಿ ಬಡಿದರು. ಗೋಡೆಯ ಆಚೆ, ಅದೇ ನೇರಕ್ಕೆ, ಕೆಂದಿಯನ್ನು ಸರಪಣಿಯಲ್ಲಿ ಕಟ್ಟುವ ಕಬ್ಬಿಣದ ಗೂಟ.

ಅಲ್ಲಿಂದ ಕೆಲವು ದಿನಕ್ಕೆ ಗೀಸರ್ ಹಾಕಿದಾಗಲೆಲ್ಲ ಫ್ಯೂಸ್ ಹೋಗತೊಡಗಿತು. ಯಾಕೆ ಹೋಗುತ್ತಿದೆ ಎಂದು ನಾನು ಹುಡುಕಲಿಲ್ಲ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದೆ. ಆಮೇಲೆ ಹೋಗಲಿಲ್ಲ. ಬಚ್ಚಲ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದಳು ಹೆಂಡತಿ. ಮರದ ಮಣೆಯ ಮೇಲೆ ನಿಂತು ಸ್ನಾನ ಮಾಡಿ ಎಂದೆ. ನಾವೆಲ್ಲ ಮಣೆಯ ಮೇಲೆ ನಿಂತೆವು.

ಒಂದು ಸಂಜೆ ಅಕ್ಕ ಗೋಡೆಯ ಮೇಲಿಂದ ಇಣುಕಿದಳು.

"ತಮ್ಮಯ್ಯ, ಕೆಂದಿ ಯಾಕೋ ಅದರ ಜಾಗ್ದಲ್ಲಿ ನಿಲ್ತಾನೇ ಇಲ್ಲ ಕಣೋ. ಬೆಳಿಗ್ಗೆ ಹೊತ್ತು ಕಾಲು ಎತ್ತಿ ಎತ್ತಿ ಕುಣೀತದೆ. ಹಾಲೂ ಇಳ್ದೋಯ್ತು. ಕರೆಂಟು ಗಿರೆಂಟು ಏನಾರಾ ಐತೇನೋ, ಒಸಿ ನೋಡಪ್ಪ."

ಬೆಳಗಿನ ಹೊತ್ತು ಎಂದರೆ ನಮ್ಮ ಸ್ನಾನದ ಹೊತ್ತು. ಅವಳು ಆ ಮಾತು ಮುಗಿಸುವ ಮೊದಲೇ ನನಗೆ ತಿಳಿದುಹೋಗಿತ್ತು. ಗೀಸರಿನಿಂದ ಸೋರಿದ ಕರೆಂಟು ರಾಡಿಗಿಳಿದು, ಹಸಿ ಮಣ್ಣು ಹಾದು ಕೆಂದಿಯ ಗೂಟಕ್ಕೆ ಹೋಗುತ್ತಿತ್ತು. ಆದರೂ ಟೆಸ್ಟರ್ ಹಿಡಿದು ಹೋದೆ. ಗೀಸರ್ ಆಗ ಆರಿತ್ತು. ಗೂಟಕ್ಕೆ ಮುಟ್ಟಿಸಿದೆ, ಸರಪಣಿಗೆ ಮುಟ್ಟಿಸಿದೆ. ದೀಪ ಹತ್ತಲಿಲ್ಲ. ಹತ್ತುವುದಿಲ್ಲ ಎಂದು ಗೊತ್ತಿದ್ದೇ ಮುಟ್ಟಿಸಿದ್ದು.

"ಏನೂ ಇಲ್ಲ ಕಣಕ್ಕ. ಮೇವು ಬದಲಾಯ್ಸಿದ್ಯೇನೋ ನೋಡು," ಎಂದೆ.

"ನೀನು ನೋಡಿದ್ಮೇಲೆ ಮುಗೀತು ಬುಡು," ಎಂದು ನಕ್ಕಳು. "ಇದಕ್ಕೇ ವೈಯಾರ ಜಾಸ್ತಿ ಆಗದೆ."

ನಿಜ ಹೇಳಿದ್ದರೆ ರಾಡ್ ಕೀಳಬೇಕಿತ್ತು, ಜಗಲಿ ಒಡೆಸಬೇಕಿತ್ತು. ಹುಡುಗನ ಕಡೆಯವರು ಬರಲು ಇನ್ನೊಂದೆರಡು ದಿನವಿತ್ತು. ಅವರು ಬಂದುಹೋಗಲಿ, ಆಮೇಲೆ ಮಾಡಿಸಿದರಾಯಿತು ಎಂದುಕೊಂಡೆ. ಹಸು ತಾನೆ, ಅಷ್ಟರಲ್ಲಿ ಏನಾಗುತ್ತದೆ...

ಅವರು ಬರುವ ದಿನ ಅಕ್ಕ ಬೇಗನೆ ಹಾಲು ಕರೆದು, ಯಾರಿಗೂ ಹಾಕದೆ ಒಂದು ತಂಬಿಗೆ ತುಂಬ ನಮಗೇ ತಂದಳು. "ಬೀಗ್ರಿಗೆ ನೀರು ಬೆರ್ಸ್‌ಬೇಡ ಕಣೇ, ಗಟ್ಟಿ ಕಾಫಿ ಕೊಡು," ಎಂದು ಹೆಂಡತಿಗೆ ಹೇಳಿಹೋದಳು. ಮನೆಯಲ್ಲಿ ಎಲ್ಲರ ಸ್ನಾನವೂ ಆಗಬೇಕಿತ್ತು. ಮೊದಲು ನಾನು ಹೋದೆ. ಗೀಸರಿನ ಸ್ವಿಚ್ಚು ಹಾಕಿ, ಮಣೆಯ ಮೇಲೆ ನಿಂತು, ತಲೆಗೆ ಸೀಗೆಪುಡಿ ತಿಕ್ಕಿಕೊಳ್ಳುತ್ತಿದ್ದೆ. ಗೋಡೆಯಾಚೆ ಅಕ್ಕ ಕೊಟ್ಟಿಗೆ ತೊಳೆದು ಹಸುವನ್ನು ಎಳೆದು ತಂದು ಕಟ್ಟುವುದು ಕೇಳಿಸುತ್ತಿತ್ತು. ಅದು ಬರಲೊಲ್ಲದು. ಗೊರಸು ನೆಲಕ್ಕೆ ಕೆರೆಯುವ ಸದ್ದು. ಅಕ್ಕ ಪುಸಲಾಯಿಸುತ್ತಿದ್ದಳು.

"ನಿಂತ್ಕೊಳೇ ನಮ್ಮಮ್ಮ. ತಮ್ಮಯ್ಯ ನೋಡವ್ನೆ, ಏನೂ ಇಲ್ಲ ಅಂದವ್ನೆ. ನಿಂತ್ಕೊ."

ನಾನು ಕೈ ಚಾಚಿದ್ದರೆ ಸ್ವಿಚ್ಚು ಸಿಗುತ್ತಿತ್ತು. ತಲೆಯ ತುಂಬ ನೊರೆಯಿತ್ತು, ಕಣ್ಣು ಉರಿಯುತ್ತಿತ್ತು. ಒಂದು ಚೊಂಬು ನೀರು ಹೊಯ್ದುಕೊಂಡು ಆರಿಸೋಣ ಎಂದುಕೊಂಡೆ.

ಹಸು ಅರಚುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ಅಂಬಾ ಅನ್ನುವುದಲ್ಲ ಅದು. ಒಂದೇ ಸಲ, ಅರ್ಧಕ್ಕೆ ನಿಂತುಹೋಯಿತು. ಆಮೇಲೆ ಭಾರವಾದದ್ದು ಬಿದ್ದ ಸದ್ದು, ನಮ್ಮ ಬಚ್ಚಲ ಗೋಡೆ ಅದುರಿತು.

ಸ್ವಿಚ್ಚು ಆರಿಸಿ, ಪಂಚೆ ಸುತ್ತಿಕೊಂಡು ಓಡಿದೆ. ಕೆಂದಿ ಕಾಲು ಸೆಟೆದು ಬಿದ್ದಿತ್ತು. ಬಾಯಲ್ಲಿ ನೊರೆ. ಸರಪಣಿ ಹಾಗೇ ಬಿಗಿದಿತ್ತು. ಹಸು ಕಟ್ಟಿ ಹುಲ್ಲು ತರಲು ಹೋಗಿದ್ದ ಅಕ್ಕ ಬಾಗಿಲ ಹತ್ತಿರ ಒಣ ಕಲ್ಲಿನ ಮೇಲೆ ಕಂತೆ ಹಿಡಿದು ನಿಂತಿದ್ದಳು. ಅವಳ ಕಾಲು ಆ ಹಸಿ ನೆಲದಲ್ಲಿ ಇದ್ದಿದ್ದರೆ... ಬೀದಿಯವರು ಸೇರಿದರು. ಏನಾಯಿತು ಏನಾಯಿತು ಎಂದು ಎಲ್ಲರೂ ನನ್ನ ಮುಖ ನೋಡಿದರು, ಮೊದಲು ಬಂದವನು ನಾನಲ್ಲವೇ.

"ಹುಳ ಗಿಳ ಮುಟ್ತೋ ಏನೋ," ಎಂದೆ.

ನಮ್ಮ ಕಡೆ ಹಾವಿನ ಹೆಸರು ಎತ್ತುವುದಿಲ್ಲ, ಹುಳ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ನನ್ನ ಬಾಯಿಂದ. ನೋಡನೋಡುತ್ತ ಅದು ಎಲ್ಲರ ಮಾತಾಯಿತು. ನೊರೆ ಬಂದೈತೆ ನೋಡ್ರಿ, ಹುಳವೇ ಸೈ ಎಂದರು. ಆಗ ಅಕ್ಕನ ಕೈಯಿಂದ ಹುಲ್ಲು ಜಾರಿತು. ಕೊಟ್ಟಿಗೆಯ ಮೂಲೆಯಲ್ಲಿ ಎದ್ದಿದ್ದ ಪುಟ್ಟ ಹುತ್ತವನ್ನು ಅವಳು ಆ ಬೇಸಿಗೆಯಲ್ಲಿ ಗುದ್ದಲಿಯಿಂದ ಮಟ್ಟ ಮಾಡಿದ್ದಳು.

"ನಾನೇ ಕೊಂದೆ ಕಣ್ರಪ್ಪೋ... ಹುತ್ತ ಕಿತ್ತೆ, ನನ್ ಕೈಯಾರೆ ಕಿತ್ತೆ," ಎಂದು ಕುಸಿದಳು.

ಯಾರೋ ದನದ ಡಾಕ್ಟರನ್ನು ಕರೆಸೋಣ ಎಂದರು. ಸತ್ತ ಮೇಲೆ ಡಾಕ್ಟರ್ ಬಂದು ಏನು ಮಾಡಿಯಾನು, ಬಿಸಿಲೇರುವ ಮೊದಲು ಮಣ್ಣು ಮಾಡೋಣ ಎಂದು ಅವಸರ ಮಾಡಿದವನು ನಾನು. ಗಾಡಿ ತರಿಸಿದವನೂ ನಾನೇ. ಅಕ್ಕ ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದಳು. "ಹೋಗ್ ತಮ್ಮಯ್ಯ, ನಿಮ್ಮನೇಗೆ ಬೀಗ್ರು ಬರೋ ಹೊತ್ತು. ನನ್ ಮನೆ ಸೂತ್ಕ ನಿನ್ ಮಗಳಿಗೆ ತಾಕ್‌ಬಾರ್ದು. ನಾನ್ ಬಾಗ್ಲು ಹಾಕ್ಕೊಂಡಿರ್ತೀನಿ, ಸದ್ದು ಮಾಡಲ್ಲ."

ಸದ್ದು ಮಾಡಲಿಲ್ಲ. ಹುಡುಗನ ಕಡೆಯವರು ಕೂತು, ನಕ್ಕು, ಹೆಣ್ಣು ಒಪ್ಪಿಕೊಂಡು ಎದ್ದುಹೋಗುವವರೆಗೂ ಆ ಮನೆಯಿಂದ ಒಂದು ಬಿಕ್ಕು ಕೂಡ ಕೇಳಿಸಲಿಲ್ಲ. ಹುಡುಗನ ತಾಯಿ ಕಾಫಿ ಕುಡಿದು, "ಎಂಥಾ ಹಾಲು ರೀ ನಿಮ್ಮೂರದು!" ಎಂದರು. ಆ ಹುಡುಗನೇ ಈಗಿನ ನನ್ನ ಅಳಿಯ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಒಳ್ಳೆಯವನು. ಮಗಳು ಸುಖವಾಗಿದ್ದಾಳೆ.

ಮಾರನೆಯ ದಿನ ರಾಡ್ ಕಿತ್ತೆ. ಆಮೇಲೆ ಜಗಲಿ ಒಡೆಸಿ, ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿದೆ. ಎಬ್ಬಿಸಬೇಕಾಗಿ ಬಂದದ್ದು ಒಂದೇ ಒಂದು ಕಲ್ಲು. ಹೆಂಡತಿ ಅದನ್ನೆಲ್ಲ ನೋಡುತ್ತಾ ನಿಂತಿದ್ದಳು. ಗೀಸರನ್ನು ಅವಳು ಮತ್ತೆ ಹಾಕಲಿಲ್ಲ, ಹಂಡೆಗೆ ತೆಂಗಿನ ಮಟ್ಟೆ ಉರಿ ಹಾಕತೊಡಗಿದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳೂ ಸಾಯುವವರೆಗೆ ನನ್ನನ್ನು ಏನೂ ಕೇಳಲಿಲ್ಲ.

ಅಕ್ಕ ಮತ್ತೆ ಹಸು ಕಟ್ಟಲಿಲ್ಲ. ಆ ಜಾಗ ನಾಗಪ್ಪನದು ಎಂದು ಕೊಟ್ಟಿಗೆಯಲ್ಲಿ ಅರಿಶಿನ ಕುಂಕುಮ ಇಟ್ಟಳು. ಅವರಿವರ ತೋಟದಲ್ಲಿ ಕೂಲಿಗೆ ಹೋದಳು. ಹಾಲು ಹಾಕುತ್ತಿದ್ದವಳು ಅಂಗಡಿಯಲ್ಲಿ ಹಾಲು ಕೊಂಡು, ನಾಗರ ಪಂಚಮಿಗೆ ಕೆರೆ ಏರಿಯ ಹುತ್ತಕ್ಕೆ ತನಿ ಎರೆಯುತ್ತಿದ್ದಳು. ಒಮ್ಮೆ ಹೆಂಡತಿಯ ಜೊತೆ ನಾನೂ ಹೋಗಿದ್ದೆ. ಅಕ್ಕ ಹುತ್ತದ ಮುಂದೆ ಹಣೆ ನೆಲಕ್ಕೆ ಹಚ್ಚಿ, "ತಪ್ಪಾಯ್ತು ಕಣಪ್ಪ, ಗೊತ್ತಿಲ್ದೆ ಮಾಡ್ದೆ, ಹೊಟ್ಟೆಗಾಕ್ಕೊ," ಎನ್ನುತ್ತಿದ್ದಳು. ನಾನು ಹಿಂದೆ ಹೂವಿನ ತಟ್ಟೆ ಹಿಡಿದು ನಿಂತಿದ್ದೆ. ನಾನು ಅವಳಿಗೆ ಹೇಳಬೇಕಾದ ಮಾತನ್ನು ಅವಳು ಮಣ್ಣಿಗೆ ಹೇಳುತ್ತಿದ್ದಳು.

ಅಕ್ಕನಿಗೆ ಕೈಲಾಗದ ಮೇಲೆ ಅವಳ ಮಗಳು ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಹೇಳಿಯೇ ಬಿಡಬೇಕು ಎಂದು ಒಂದು ದಿನ ಬಸ್ಸು ಹತ್ತಿ ಹೋದೆ. ಅಕ್ಕ ಬಹಳ ಸಣ್ಣಗಾಗಿದ್ದಳು. ನನ್ನನ್ನು ನೋಡಿ ಮಗಳನ್ನು ಕೂಗಿ ಕಾಫಿ ಮಾಡಿಸಿದಳು. "ಪಾಕೀಟ್ ಹಾಲು ಕಣಪ್ಪ, ಬೇಜಾರ್ ಮಾಡ್ಕಬೇಡ." ಲೋಟ ಕೆಳಗಿಟ್ಟೆ. "ಅಕ್ಕ, ಒಂದು ಮಾತು..." ಎಂದೆ. ಅವಳಿಗೆ ಕಿವಿ ಮಂದವಾಗಿತ್ತು. ತನ್ನ ಮಾತನ್ನೇ ಮುಂದುವರಿಸಿದಳು.

"ಈ ಸಲ ಪಂಚಮಿಗೆ ನಂಗೆ ಬರಕ್ಕಾಗಲ್ಲ ತಮ್ಮಯ್ಯ. ನನ್ ಹೆಸರೇಳಿ ನೀನೇ ಒಸಿ ತನಿ ಎರ್ದ್‌ಬುಡು. ನೀನ್ ಎರೆದ್ರೆ ನಾನ್ ಎರ್ದಂಗೆ."

ಇನ್ನೊಮ್ಮೆ ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. "ಆಯ್ತಕ್ಕ," ಎಂದು ಎದ್ದು ಬಂದೆ.

ಆ ವರ್ಷ ಎರೆದೆ. ಮಗಳ ಮನೆ ಸೇರಿದ ಮೇಲೂ ಪ್ರತಿ ವರ್ಷ ತುಮಕೂರಿನಿಂದ ಗುಬ್ಬಿಗೆ ಹೋಗಿ ಎರೆದೆ. ಈ ಸಲ ಹೋದಾಗ ಹಳೆಯ ಬೀದಿಯವರೊಬ್ಬರು ಸಿಕ್ಕಿ, ಅಕ್ಕ ತೀರಿಕೊಂಡು ತಿಂಗಳುಗಳೇ ಆದವು, ನಿಮಗೆ ಯಾರೂ ತಿಳಿಸಲಿಲ್ಲವೇ ಎಂದರು. ಹಾಲಿನ ತಂಬಿಗೆ ನನ್ನ ಕೈಯಲ್ಲೇ ಇತ್ತು. ಏನು ಮಾಡಬೇಕೋ ತಿಳಿಯದೆ ಅದನ್ನೂ ಹುತ್ತಕ್ಕೇ ಎರೆದು ಬಂದೆ.

ಮಗಳ ಮನೆಯಲ್ಲಿ ನಾನು ತಣ್ಣೀರು ಸ್ನಾನ ಮಾಡುತ್ತೇನೆ. ಅಪ್ಪನಿಗೆ ಏನೋ ಹರಕೆ ಎಂದುಕೊಂಡಿದ್ದಾಳೆ. ಬೆಳಿಗ್ಗೆ ಯಾರಾದರೂ ಗೀಸರ್ ಹಾಕಿ ಅದರ ಕೆಂಪು ದೀಪ ಹತ್ತಿತೆಂದರೆ ಗೋಡೆಯಾಚೆ ಗೊರಸಿನ ಸದ್ದು ಕೇಳಿಸುತ್ತದೆ. ಆಚೆ ಇರುವುದು ಕಾರು ನಿಲ್ಲಿಸುವ ಜಾಗ, ನನಗೆ ಗೊತ್ತು. ಆದರೂ ದೀಪ ಆರುವವರೆಗೆ ಗೋಡೆಗೆ ಕಿವಿ ಕೊಟ್ಟು ನಿಂತಿರುತ್ತೇನೆ. ಎಳೆದು ಕಟ್ಟುವವಳ ದನಿಯೂ ಕೇಳುತ್ತದೆ... ತಮ್ಮಯ್ಯ ನೋಡವ್ನೆ, ಏನೂ ಇಲ್ಲ ಅಂದವ್ನೆ.

ಅವಳಿದ್ದಷ್ಟು ಕಾಲ ಅಕ್ಕ ಎಂದು ಕೂಗಿದೆನೇ ಹೊರತು ಹೆಸರು ಹಿಡಿದವನಲ್ಲ. ಹೆಸರು ಹೇಳಿದ್ದು ಹುತ್ತದ ಮುಂದೆ ಮಾತ್ರ, ಅದೂ ತಪ್ಪೆಲ್ಲ ಅವಳದೇ ಎಂಬಂತೆ. ಹುತ್ತದಲ್ಲಿ ಹಾವಿತ್ತೋ ಇಲ್ಲವೋ ನಾನರಿಯೆ. ಕೆಂದಿಯನ್ನು ಕೊಂದದ್ದು ನಾಗಪ್ಪನಲ್ಲ, ನೀನಲ್ಲ, ನಾನು. ನೀನು ಬದುಕಿದ್ದಾಗ ನಿನ್ನೆದುರು ಕೂತು ಹೇಳಬೇಕಾಗಿದ್ದ ಮಾತು ಇಷ್ಟೇ. ತಪ್ಪಾಯಿತು, ಪುಟ್ಟಲಕ್ಕಮ್ಮ.