ಐತಪ್ಪ ಔಟಾದ ದಿನ

ನಮ್ಮ ಕಾಸರಗೋಡು ಇನ್ನೂ ಮದರಾಸಿಗೆ ಸೇರಿದ್ದ ಕಾಲ ಅದು. ಕೊಯ್ಲು ಮುಗಿದು, ಗೇರುಹಣ್ಣಿನ ವಾಸನೆ ಊರಿಡೀ ಹಬ್ಬಿದಾಗ ಅಗಲ್ಪಾಡಿಯ ಮಕ್ಕಳಾದ ನಮಗೆ ಆಟದ ಹುಚ್ಚು ಹಿಡಿಯುತ್ತಿತ್ತು. ಆ ವರ್ಷ ಡ್ರಿಲ್ ಮಾಸ್ತರರು ಮದರಾಸಿನಲ್ಲಿ ತರಬೇತಿ ಮುಗಿಸಿ ಬರುವಾಗ ಒಂದು ದಾಂಡು, ಒಂದು ತೊಗಲಿನ ಚೆಂಡು, ಜೊತೆಗೆ ಬೇಸ್‌ಬಾಲ್ ಎಂಬ ಹೊಸ ಆಟವನ್ನೂ ತಂದರು. ಗದ್ದೆಯಲ್ಲಿ ಹೊಳೆಯ ಹೊಯಿಗೆ ತುಂಬಿದ ಗೋಣಿಗಳನ್ನಿಟ್ಟರೆ ಅವೇ ಬೇಸ್. ಒಂದು ಗೋಣಿಯಿಂದ ಇನ್ನೊಂದಕ್ಕೆ ಓಡಬೇಕು; ತಲುಪುವ ಮೊದಲೇ ಚೆಂಡು ಮುಟ್ಟಿಸಿದರೆ ಔಟು.

ದಾಂಡಿಗನ ಹಿಂದೆ ಕುಳಿತು ಚೆಂಡು ಹಿಡಿಯುವ ಕೆಲಸ ನನಗೆ ಸಿಕ್ಕಿತು. ನಾನು ಅರ್ಚಕರ ಮಗಳು. ಅಪ್ಪ ಮಡಿಯಲ್ಲಿ ದೂರದಿಂದಲೇ ಎಸೆಯುತ್ತಿದ್ದ ಪ್ರಸಾದದ ಪೊಟ್ಟಣವನ್ನು ಒಂದು ದಿನವೂ ಬೀಳಿಸಿದವಳಲ್ಲ. ಅಡಿಕೆ ಹಾಳೆಯ ಟೊಪ್ಪಿಯೊಳಗೆ ಬಟ್ಟೆ ತುರುಕಿ, ಅದನ್ನೇ ಎಡಗೈಗೆ ಹಾಕಿಕೊಂಡು ಎಂಥ ಚೆಂಡನ್ನೂ ಹಿಡಿಯುತ್ತಿದ್ದೆ. ತೊಂದರೆ ಇದ್ದದ್ದು ಹಿಡಿದ ಮೇಲೆ. ರೂಢಿಬಲದಿಂದ ಚೆಂಡನ್ನು ಕಣ್ಣಿಗೊತ್ತಿಕೊಂಡೇ ಎಸೆಯುತ್ತಿದ್ದೆ! ಅಷ್ಟರಲ್ಲಿ ಅಭ್ಯಾಸದಲ್ಲಿ ಎದುರು ಆಡುತ್ತಾ ಮೊದಲ ಗೋಣಿಯಲ್ಲಿದ್ದ ಐತಪ್ಪ, ದಾಂಡಿಗ ಹೊಡೆಯದಿದ್ದರೂ ಓಡಿ ಎರಡನೆಯದನ್ನು ‘ಕದ್ದು’, ಅದರ ಮೇಲೆ ನಿಂತು ಹಲ್ಲು ಕಿಸಿಯುತ್ತಿದ್ದ.

"ಎಂತ ಮಾರಾಯ್ತಿ, ಅದು ಪ್ರಸಾದವಾ?" ಮಾಸ್ತರರು ತಲೆ ಚಚ್ಚಿಕೊಂಡರು. "ಕಣ್ಣಿಗಲ್ಲ, ಕಿವಿಯ ಹತ್ತಿರ ತಾ. ಹಿಡಿಯುವಾಗಲೇ ಎಡಗಾಲು ಮುಂದೆ ಇಡು. ಎರಡನೇ ಗೋಣಿ ಕಾಯುವ ಕುಂಞಾಲಿಯ ಮುಖಕ್ಕೆ ಬಿಸಾಡ್ಬೇಡ, ಮೊಣಕಾಲಿಗೆ ಬಿಸಾಡು. ಕಳ್ಳ ಬರುವುದು ಅಲ್ಲಿಗೇ. ಶುಕ್ರವಾರದೊಳಗೆ ಐತಪ್ಪನನ್ನು ಒಮ್ಮೆಯಾದರೂ ಔಟು ಮಾಡದಿದ್ರೆ ನೆಕ್ರಾಜೆ ಊರಿನವರ ಎದುರಿನ ಪಂದ್ಯದಲ್ಲಿ ನೀನು ಆಡ್ಲಿಕ್ಕಿಲ್ಲ."

ಮನೆಗೆ ಹೋದವಳೇ ಅಭ್ಯಾಸಕ್ಕೆ ನಿಂತೆ. ಎಳೆ ಪೇರಳೆಕಾಯಿಗಳನ್ನು ದನದ ಹಟ್ಟಿಯ ಗೋಡೆಗೆ ಎಸೆದೆಸೆದು ಭುಜ ಬಾತಿತು. ಗುರುವಾರ ಅಪ್ಪ ಎಸೆದ ಪ್ರಸಾದವನ್ನೂ ಹಿಡಿದು ನೇರ ಕಿವಿಗೇ ಒಯ್ದೆ.

"ಎಂತ ಮಗಳೇ, ಕಿವಿನೋವು ಉಂಟಾ?" ಎಂದರು ಅಪ್ಪ.

ಮರುದಿನ ಐತಪ್ಪ ಎಂದಿನಂತೆ ಓಟ ಕಿತ್ತ. ಚೆಂಡು ನನ್ನ ಕೈಗೆ ಬಿದ್ದದ್ದೂ ಕಿವಿಯ ಪಕ್ಕದಿಂದ ಹೊರಟದ್ದೂ ಒಟ್ಟಿಗೇ ಆಯಿತು. ಕುಂಞಾಲಿ ಬಗ್ಗಿ ಹಿಡಿದು, ಜಾರಿ ಬರುತ್ತಿದ್ದ ಐತಪ್ಪನ ಕಾಲಿಗೆ ಚೆಂಡು ಮುಟ್ಟಿಸಿದ. ಗೋಣಿ ಇನ್ನೂ ಒಂದು ಗೇಣು ದೂರವಿತ್ತು. ನಾನು ಲಂಗ ಎತ್ತಿ ಕಟ್ಟಿ ಗದ್ದೆಯಿಡೀ ಕುಣಿದೆ.

"ಒಂದು ಸಲಕ್ಕೇ ಜಂಬ ಬೇಡ," ಐತಪ್ಪ ಮಣ್ಣು ಕೊಡವಿಕೊಂಡ. "ನಾಳೆಯೂ ಓಡ್ತೇನೆ, ನೋಡುವ."

ನೆಕ್ರಾಜೆಯವರು ನಮ್ಮನ್ನು ಚೆನ್ನಾಗಿಯೇ ಸೋಲಿಸಿದರು. ನಾನು ಆಡಿದೆನಲ್ಲ, ಅಷ್ಟೇ ಸಾಕಿತ್ತು. ಮರುವರ್ಷ ಮಾಸ್ತರರಿಗೆ ವರ್ಗವಾಗಿ ಆ ಆಟವೂ ಅವರ ಹಿಂದೆಯೇ ಹೋಯಿತು. ಗದ್ದೆಯಲ್ಲಿ ಈಗ ಮನೆಗಳಾಗಿವೆ. ಅದಕ್ಕೆ ನನಗೇನೂ ದೊಡ್ಡ ಬೇಸರವಿಲ್ಲ. ಸುಖವಾಗಿಯೇ ಇದ್ದೇನೆ. ಚೆನ್ನೆಮಣೆ ಆಡಲು ಕುಳಿತರೆ ಮೊಮ್ಮಕ್ಕಳು ಅಜ್ಜಿ ಗೆಲ್ಲಲಿ ಎಂದು ಬೇಕೆಂದೇ ಸೋಲುತ್ತಾರೆ. ನನ್ನನ್ನು ಸೋಲಿಸಲೇಬೇಕೆಂದು ಐತಪ್ಪನ ಹಾಗೆ ಜೀವ ಬಿಟ್ಟು ಓಡುವವರು ಮಾತ್ರ ಈಗ ಯಾರೂ ಇಲ್ಲ.